ಹಗಲು ನಿದ್ದೆ

ಹಡಗಿನ ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಬಾಗಿಲಾಚೆ ಇಡಬೇಕು. ಬಣ್ಣದ ಚೀಟಿ ಕಟ್ಟಿ ಇಟ್ಟರೆ, ಬೆಳಗಾಗುವಷ್ಟರಲ್ಲಿ ಯಾರೋ ಅವನ್ನು ಸಾಗಿಸಿ ಬಂದರಿನ ಕಟ್ಟಡದಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ಸಿಡ್ನಿಯಿಂದ ಹೊರಟು ಟಾಸ್ಮನ್ ಸಮುದ್ರ ದಾಟಿ, ನ್ಯೂಜಿಲೆಂಡಿನ ದಕ್ಷಿಣದ ಕಡಲ ಕಣಿವೆಗಳನ್ನು ಹೊಕ್ಕು, ಡುನೆಡಿನ್, ವೆಲ್ಲಿಂಗ್ಟನ್, ಟೌರಂಗಾಗಳಲ್ಲಿ ಇಳಿದು ಹತ್ತಿ, ಅದೇ ಟಾಸ್ಮನ್ ಸಮುದ್ರದ ಮೇಲೆ ಮರಳುತ್ತಿದ್ದೆವು. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತಳಾದ ಮೇಲೆ ಮಗಳು, ಅಳಿಯ ಹಟ ಹಿಡಿದು ಮಾಡಿಸಿದ ಪ್ರಯಾಣ ಇದು. ನೆಲವೇ ಕಾಣದ ದಿನಗಳಲ್ಲಿ ನಾನು ಮೇಲಿನ ಅಂತಸ್ತಿನ ಒರಗುಕುರ್ಚಿಯಲ್ಲಿ ಶಾಲು ಹೊದ್ದು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದ್ದೆ. ಎದ್ದಾಗ ಚಹ ಬರುತ್ತಿತ್ತು. ನಮ್ಮ ಮನೆಯ ಹೆಂಗಸರಲ್ಲಿ ಹೀಗೆ ಹಗಲು ಹೊತ್ತಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ಕಾಯಿಲೆಯೂ ಇಲ್ಲದೆ ಮಲಗಿದ್ದು ಬಹುಶಃ ನಾನೇ ಮೊದಲು.

ನಮ್ಮ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹುಡುಗ ಮಂಗಳೂರಿನ ಕಡೆಯವನು. ನಾವು ಮಾತಾಡುವುದನ್ನು ಕೇಳಿ ಮೊದಲ ದಿನವೇ ‘ನೀವು ಕನ್ನಡದವರಾ ಅಮ್ಮ?’ ಎಂದು ಮುಖ ಅರಳಿಸಿದ್ದ. ದಿನಕ್ಕೆ ಎರಡು ಸಲ ಬಂದು ಹಾಸಿಗೆ ಸರಿಮಾಡುತ್ತಿದ್ದ, ಟವೆಲನ್ನು ಮಡಿಸಿ ಆನೆ, ಮೊಲ ಮಾಡಿಡುತ್ತಿದ್ದ. ಕೊನೆಯ ರಾತ್ರಿ ಪೆಟ್ಟಿಗೆಗೆ ಚೀಟಿ ಕಟ್ಟಲು ಬಂದಾಗ ಅವನ ಬೆರಳುಗಳನ್ನು ದೀಪದ ಕೆಳಗೆ ಹತ್ತಿರದಿಂದ ನೋಡಿದೆ. ತುದಿಯ ಚರ್ಮ ಬೆಳ್ಳಗೆ ನೆನೆದು, ಅಲ್ಲಲ್ಲಿ ಸುಲಿದಿತ್ತು.

‘ಕೈಗೇನಾಯ್ತಪ್ಪಾ?’ ಎಂದೆ.

‘ಎಂಥ ಇಲ್ಲ ಅಮ್ಮ. ಇಡೀ ದಿನ ಸೋಪಿನ ನೀರು, ಬಾತ್‌ರೂಮಿನ ಔಷಧಿ. ಗ್ಲೌಸ್ ಉಂಟು, ಹಾಕಿದ್ರೆ ಒಳಗೆ ಬೆವರ್ತದೆ. ಊರಿಗೆ ಹೋದ ಮೇಲೆ ಸರಿಯಾಗ್ತದೆ.’

‘ಊರಿಗೆ ಯಾವಾಗ?’

‘ಇನ್ನು ಮೂರು ತಿಂಗಳುಂಟು. ಮಗು ನಾನು ಬಂದ ಮೇಲೆ ಹುಟ್ಟಿದ್ದು. ಫೋನಲ್ಲಿ ಮಾತ್ರ ನೋಡಿದ್ದು.’

ಸಿಡ್ನಿಯ ಗೆಳತಿಯರಿಗೆಂದು ಚನ್ನಪಟ್ಟಣದಿಂದ ತಂದಿದ್ದ ಗೊಂಬೆಗಳಲ್ಲಿ ಒಂದು ಗಿಲಕಿ ಉಳಿದಿತ್ತು. ಆಲೆಮರದ ಮೇಲೆ ಅರಗಿನ ಬಣ್ಣ ಕೂರಿಸಿದ್ದು, ಮಗು ಬಾಯಿಗಿಟ್ಟರೂ ಭಯವಿಲ್ಲ. ಅದನ್ನು ಅವನ ಕೈಗಿಟ್ಟೆ. ಅವನು ಹೋದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಂಥ ಬೆರಳುಗಳ ಜೊತೆ ನಾನು ಹೈಸ್ಕೂಲಿನ ವರ್ಷಗಳನ್ನೆಲ್ಲ ಕಳೆದಿದ್ದೇನೆ. ಅವು ನನ್ನ ಸೋದರತ್ತೆಯವು.

ನಮ್ಮ ಊರು ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿದೆ. ಆಗ ಅದು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಇದ್ದಲ್ಲೇ ಇದ್ದು ನಾಲ್ಕು ಜಿಲ್ಲೆ ಕಂಡ ಊರು. ಆದರೆ ಊರಿನ ಬದುಕನ್ನು ನಡೆಸಿದ್ದು ರೇಷ್ಮೆ ಹುಳ. ಮನೆಯೊಳಗೆ ಬಿದಿರ ತಟ್ಟೆಗಳ ಸಾಲು, ಹಿತ್ತಿಲಾಚೆ ಹಿಪ್ಪುನೇರಳೆ ಕಡ್ಡಿ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಸುಮಾರು ಇಪ್ಪತ್ತೈದು ದಿನ. ನಡುವೆ ಹುಳಕ್ಕೆ ನಾಲ್ಕು ಜ್ವರ. ಪೊರೆ ಬಿಡುವ ಆ ಹೊತ್ತಿನಲ್ಲಿ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಅಲುಗಾಡದೆ ಮಲಗುತ್ತದೆ. ಹುಳ ಜ್ವರದಲ್ಲಿದ್ದಾಗಲೇ ಅಮ್ಮ ತಲೆಗೆ ನೀರು ಹಾಕಿಕೊಳ್ಳುವುದು, ಬಟ್ಟೆ ಒಗೆಯುವುದು, ತವರಿಗೆ ಹೋಗಿಬರುವುದು. ನಾಲ್ಕನೆಯ ಜ್ವರ ಎದ್ದ ಮೇಲಂತೂ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಒಂದು ಬೆಳೆಗೆ ಬೇಕಾಗುವ ಸೊಪ್ಪಿನ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಆ ಕೊನೆಯ ವಾರದಲ್ಲೇ ಮುಗಿಯುತ್ತದೆ. ನಡುರಾತ್ರಿ ಲಾಟೀನಿನ ಬೆಳಕಲ್ಲಿ ಹೆಂಗಸರು ಸೊಪ್ಪು ಹಾಕುತ್ತಿದ್ದರು. ಹುಳಕ್ಕೆ ಹಾಲುತೊಂಡೆಯೋ ಸುಣ್ಣಕಟ್ಟೋ ರೋಗ ಬಂದರೆ ಅಷ್ಟೂ ದಿನದ ನಿದ್ದೆಗೆಟ್ಟ ಕೆಲಸ ತಿಪ್ಪೆಗೆ.

ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಣ್ಣನ ಮನೆಯಲ್ಲಿ ಸೊಪ್ಪು ಬಿಡಿಸಿಕೊಂಡು ಇರುವುದಕ್ಕಿಂತ ಮೇಲು ಎಂದು ರಾಮನಗರದ ಒಂದು ಫಿಲೇಚರ್ ಸೇರಿದಳು. ಊರಿನವರು ಕಟ್ಟಿಸಿದ ಗೂಡು ಪಟ್ಟಣದಲ್ಲಿ ನೂಲಾಗುವ ಜಾಗ ಅದು. ಚಂದ್ರಿಕೆ ಎಂಬ ಬಿದಿರ ತಟ್ಟಿಯಲ್ಲಿ ಗೂಡು ಕಟ್ಟಿದ ಹತ್ತು ಹನ್ನೆರಡು ದಿನದೊಳಗೆ ಚಿಟ್ಟೆ ಅದನ್ನು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದ ಎಳೆ ಸಿಗದು. ಆದ್ದರಿಂದ ಗೂಡಿಗೂ ಕಾಯುವ ವ್ಯವಧಾನವಿಲ್ಲ, ಬಿಚ್ಚುವವರಿಗೂ ಇಲ್ಲ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಮೇಲಿನ ಜೂಟು ಎಂಬ ಸಿಕ್ಕೆಳೆಯನ್ನು ಎಳೆದು ತೆಗೆದು, ಎಳೆಯ ತುದಿ ಹಿಡಿದು, ಏಳೆಂಟು ಗೂಡಿನ ಎಳೆ ಸೇರಿಸಿ ಚರಕಕ್ಕೆ ಕೊಡಬೇಕು. ಎಳೆ ಕೂದಲಿಗಿಂತ ಸಣ್ಣದು. ಬೆರಳಿಗೆ ಬಟ್ಟೆ ಸುತ್ತಿದರೆ ಅದು ತಿಳಿಯುವುದಿಲ್ಲ. ಬರಿಗೈಯೇ ಬೇಕು.

ಹೈಸ್ಕೂಲಿಗೆಂದು ನನ್ನನ್ನು ಅತ್ತೆಯ ಬಳಿ ಬಿಟ್ಟರು. ಒಂದೇ ಕೋಣೆಯ ಮನೆ. ಕನ್ನಡ, ಉರ್ದು, ತಮಿಳು ಒಟ್ಟಿಗೆ ಕೇಳಿಸುವ ಬೀದಿ. ಬೆಂದ ಹುಳದ ವಾಸನೆ ಗೋಡೆಗೆ, ಬಟ್ಟೆಗೆ, ಪುಸ್ತಕಕ್ಕೆ ಅಂಟಿಕೊಂಡಿತ್ತು. ಸಂಜೆ ಅತ್ತೆ ಬರುವಾಗ ಅವಳ ಕೈ ಬೆಳ್ಳಗೆ ನೆನೆದು, ಬೆರಳ ಸಂದಿ ಹಸಿಗಾಯವಾಗಿರುತ್ತಿತ್ತು. ಸಾರಿನ ಖಾರ ತಗುಲಿದರೆ ಉರಿ. ಅದಕ್ಕೆ ನನಗೆ ಬಸ್ಸಾರು ಬಡಿಸಿ ತಾನು ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗುತ್ತಿದ್ದಳು. ‘ಓದ್ಕೊ ಮಗ’ ಎನ್ನುವಳು. ದೀಪ ಆರಿಸು ಎಂದು ಒಂದು ದಿನವೂ ಹೇಳಿದವಳಲ್ಲ.

1973ರಲ್ಲಿ ರಾಮನಗರದ ಬೆಟ್ಟಗಳಲ್ಲಿ ‘ಶೋಲೆ’ ಚಿತ್ರೀಕರಣ ಶುರುವಾದಾಗ ಊರಿಗೆ ಊರೇ ಅತ್ತ ನುಗ್ಗಿತು. ಸೈಕಲ್, ಎತ್ತಿನಗಾಡಿ, ನಡಿಗೆ, ಹೇಗಾದರೂ ಸರಿ. ನಮ್ಮ ಶಾಲೆಯ ಹುಡುಗರು ಬೆಲ್ ಹೊಡೆಯುವ ಮೊದಲೇ ಮಾಯವಾಗುತ್ತಿದ್ದರು. ನಮ್ಮ ಬೀದಿಯ ಚರಕಗಳು ಮಾತ್ರ ನಿಲ್ಲಲಿಲ್ಲ. ಚಿತ್ರೀಕರಣ ವರ್ಷ ದಾಟಿ ಎಳೆಯಿತು. ಅಷ್ಟು ಕಾಲದಲ್ಲಿ ಅತ್ತೆ ಒಂದು ಸಲವೂ ಆ ಬೆಟ್ಟದ ಕಡೆ ಹೋಗಲಿಲ್ಲ. ಬಾರದ ದಿನಕ್ಕೆ ಕೂಲಿ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಾರದಿದ್ದರೆ ಮಾರನೆಯ ದಿನ ಮಾಲೀಕ ಮುಂಗಡದ ಮಾತು ತೆಗೆಯುತ್ತಿದ್ದ.

ಅವಳು ಮಾಡಿದ್ದು ಒಂದೇ ಪ್ರವಾಸ. ಬೀದಿಯ ಹೆಂಗಸರೆಲ್ಲ ಕಾಸು ಹಾಕಿ ಒಂದು ಭಾನುವಾರ ಸಂಗಮಕ್ಕೆ ಹೊರಟರು. ರಾಮನಗರದಿಂದ ಕನಕಪುರ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾಡಿನ ಇಳಿಜಾರು. ನಂದಿಬೆಟ್ಟದಲ್ಲಿ ಹುಟ್ಟಿ, ನಮ್ಮ ರಾಮನಗರವನ್ನು ಹಾದು ಬರುವ ಅರ್ಕಾವತಿ ಕಾವೇರಿಯನ್ನು ಸೇರುವುದು ಅಲ್ಲಿಯೇ. ತೆಪ್ಪದಲ್ಲಿ ಹೊಳೆ ದಾಟಿದೆವು. ಅತ್ತೆ ಅಂಚು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯನ್ನು ನೀರಿಗಿಳಿಸಿ ಹಾಗೇ ಬಿಟ್ಟಿದ್ದಳು. ‘ತಣ್ಣಗದೆ ಕಣೆ’ ಎಂದಳು. ವರ್ಷಗಟ್ಟಲೆ ಅವಳ ಕೈ ಕಂಡ ನೀರೆಲ್ಲ ಕುದಿಯುವುದೇ ಆಗಿತ್ತು ಎನ್ನುವುದು ಆಗ ನನಗೆ ಹೊಳೆಯಲಿಲ್ಲ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದ ಮೇಲೆ ಉಳಿದವರು ಮೇಕೆದಾಟು ನೋಡಲು ನಡೆದರು. ಅತ್ತೆ ‘ನೀವೋಗಿ ಬನ್ನಿ’ ಎಂದು ಹೊಳೆಮತ್ತಿಯ ನೆರಳಲ್ಲಿ ಸೆರಗು ಹೊದ್ದು ಮಲಗಿದಳು. ಬಂಡೆಯನ್ನು ಕೊರೆದು ಇಕ್ಕಟ್ಟಿನಲ್ಲಿ ಧುಮುಕುವ ಕಾವೇರಿಯನ್ನು ನೋಡಿ, ಬಿಸಿಲಲ್ಲಿ ಬೆವೆತು ನಾವು ಮರಳಿದಾಗಲೂ ಅವಳು ಎದ್ದಿರಲಿಲ್ಲ. ಅವಳು ಹಗಲು ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಸ್ಸು ತಪ್ಪುತ್ತದೆ ಎಂದು ಎಬ್ಬಿಸಿದಾಗ ಎಲ್ಲಿದ್ದೇನೆ ಎಂದು ತಿಳಿಯದೆ ಗಾಬರಿಯಿಂದ ‘ಹೊತ್ತಾಯ್ತಾ?’ ಎಂದು ಎದ್ದು ಕುಳಿತಳು.

ನಮ್ಮ ಮನೆಯಲ್ಲಿ ಅತ್ತೆಯ ಕತೆಯನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ಕೈ ಬೇಯಿಸಿಕೊಂಡು ಅಣ್ಣನ ಮಗಳನ್ನು ಓದಿಸಿದ ಮಹಾತಾಯಿ. ಮಗಳಿಗೂ ನಾನು ಇಷ್ಟನ್ನೇ ಹೇಳಿ ಬೆಳೆಸಿದ್ದೆ. ಇದು ನಿಜ. ಆದರೆ ಪೂರ್ತಿ ನಿಜವಾಗಲು ಇನ್ನೊಬ್ಬಳು ಬೇಕು.

ಊರಿನ ಪ್ರಾಥಮಿಕ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಅವಳು. ಮಗ್ಗಿಯಲ್ಲಿ ನನಗಿಂತ ಚುರುಕು. ಒಂದು ಬೆಳೆ ಕೈಕೊಟ್ಟ ವರ್ಷ ಅವಳ ಅಪ್ಪ ಸಾಲಕ್ಕೆ ಸಿಕ್ಕಿಬಿದ್ದ. ಹಬ್ಬಕ್ಕೆ ಊರಿಗೆ ಬಂದಿದ್ದ ಅತ್ತೆಯೇ ದಾರಿ ತೋರಿಸಿದಳು. ಮಾಲೀಕರಿಂದ ಮುಂಗಡ ಕೊಡಿಸುತ್ತೇನೆ, ಹುಡುಗಿ ನನ್ನ ಜೊತೆ ಬರಲಿ, ಸಾಲ ತೀರಿದ ಮೇಲೆ ಮರಳಲಿ. ಹಾಗೆ ಅವಳು ಹೋದಳು. ಅವಳಂತೆ ಊರಿನ ಇನ್ನೂ ಕೆಲವು ಮಕ್ಕಳನ್ನು ಅತ್ತೆ ಕರೆದೊಯ್ದಳು. ಚರಕ ತಿರುಗಿಸಲು, ಗೂಡು ಆಯಲು, ಸತ್ತ ಹುಳ ಬಾಚಲು ಚಿಕ್ಕ ಕೈಗಳು ಬೇಕಾಗಿದ್ದವು. ಕೂಲಿಯಲ್ಲಿ ಮುರಿದುಕೊಂಡರೂ ಮುಂಗಡ ಕರಗುತ್ತಿರಲಿಲ್ಲ. ಮನೆಯವರು ಮದುವೆಗೆ, ಕಾಯಿಲೆಗೆ ಎಂದು ಮತ್ತೆ ಮತ್ತೆ ತೆಗೆದುಕೊಳ್ಳುತ್ತಿದ್ದರು. ನಾನು ಹೈಸ್ಕೂಲಿಗೆಂದು ರಾಮನಗರಕ್ಕೆ ಬಂದಾಗ ಅವಳು ಅದೇ ಬೀದಿಯಲ್ಲಿ ಗೂಡು ಬೇಯಿಸುವ ಬೇಸಿನ್ನಿನ ಮುಂದೆ ನಿಂತಿದ್ದಳು. ನಾನು ಅವಳ ಎದುರಿಗೇ ಚೀಲ ನೇತುಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ.

ಬಹಳ ವರ್ಷಗಳ ಮೇಲೆ ರಾಮನಗರದ ತರಕಾರಿ ಮಾರ್ಕೆಟ್ಟಿನಲ್ಲಿ ಅವಳು ಸಿಕ್ಕಳು. ಮೊದಲು ‘ಮೇಡಂ’ ಎಂದವಳು, ನಾನು ಅವಳ ಕೈ ಹಿಡಿದ ಮೇಲೆ ಹಳೆಯ ಸಲುಗೆಗೆ ಬಂದಳು. ಅತ್ತೆ ತೀರಿಹೋಗಿದ್ದು ಅವಳಿಗೆ ಗೊತ್ತಿತ್ತು. ‘ನಿಮ್ಮತ್ತೆ ಕೆಟ್ಟೋರಲ್ಲ ಕಣೆ. ಅನ್ನ ಹಾಕ್ತಿದ್ರು. ಮೈ ಬಿಸಿಯಾದ್ರೆ ಕಷಾಯ ಕಾಸ್ಕೊಡ್ತಿದ್ರು. ಆದ್ರೆ ಊರಿಗೋಯ್ತೀನಿ ಅಂತ ಅತ್ರೆ ಬಾಗಿಲಿಗೆ ಅಡ್ಡ ನಿಂತ್ಕೊಳ್ಳೋರು’ ಎಂದಳು. ಆಮೇಲೆ, ತರಕಾರಿ ಆರಿಸುತ್ತಲೇ, ನನಗೆ ತಿಳಿಯದ ಲೆಕ್ಕವನ್ನೂ ಹೇಳಿದಳು. ಅತ್ತೆಯ ಮೇಲೂ ಮುಂಗಡವಿತ್ತು. ಅದನ್ನು ಅವಳು ತೆಗೆದಿದ್ದು ನನ್ನ ಫೀಸಿಗೆ, ಪುಸ್ತಕಕ್ಕೆ, ಸಮವಸ್ತ್ರಕ್ಕೆ. ಹೊಸ ಮಕ್ಕಳನ್ನು ಕರೆತಂದರೆ ಮಾಲೀಕ ಅದರಲ್ಲಿ ಒಂದಿಷ್ಟು ಬಿಡುತ್ತಿದ್ದ.

ಈ ಲೆಕ್ಕವನ್ನು ನಾನು ಅನೇಕ ಸಲ ಕೂಡಿ ಕಳೆದು ನೋಡಿದ್ದೇನೆ. ಅತ್ತೆಯನ್ನು ದೂಷಿಸಲು ಮನಸ್ಸು ಬರುವುದಿಲ್ಲ. ಅವಳೂ ಅದೇ ಹಗ್ಗದಲ್ಲಿ ಕಟ್ಟಿಹಾಕಿಸಿಕೊಂಡಿದ್ದಳು. ಹಾಗೆಂದು ಅವಳು ಮಾಡಿದ್ದನ್ನು ಮಾಡಲಿಲ್ಲವೆನ್ನಲೂ ಆಗದು. ಒಂದು ಮಗುವನ್ನು ಓದಿಸಲು ಇನ್ನೊಂದು ಮಗುವನ್ನು ಶಾಲೆ ಬಿಡಿಸಿದಳು. ಯಾವ ಮಗು ತನ್ನದು, ಯಾವುದು ಊರಿನದು ಎಂಬ ಗೆರೆ ಅವಳ ಮನಸ್ಸಿನಲ್ಲಿ ಸ್ಪಷ್ಟವಾಗಿತ್ತು. ಪ್ರೀತಿ ಇರುವಲ್ಲೇ ಇಂಥ ಅನ್ಯಾಯ ನಡೆಯುತ್ತಿತ್ತು, ಪ್ರೀತಿಯ ಕಾರಣಕ್ಕೇ ನಡೆಯುತ್ತಿತ್ತು. ಅದಕ್ಕೇ ಯಾರೂ ಅದನ್ನು ಅನ್ಯಾಯವೆಂದು ಕರೆಯಲಿಲ್ಲ.

ಜೀತವನ್ನು ರದ್ದು ಮಾಡಿದ ಕಾನೂನು ಬಂದದ್ದು 1976ರಲ್ಲಿ, ಬಾಲಕಾರ್ಮಿಕರನ್ನು ಕುರಿತ ಕಾನೂನು 1986ರಲ್ಲಿ. ಮುಂಗಡ ತೆಗೆದುಕೊಂಡು ಕಟ್ಟುಬೀಳುವುದು ಜೀತವೇ ಎಂದು ನಮ್ಮ ಬೀದಿಗೆ ಯಾರೂ ಬಂದು ಹೇಳಲಿಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ 2003ರಲ್ಲಿ ವರದಿ ಪ್ರಕಟಿಸಿದಾಗ ಕರ್ನಾಟಕದ ನೂಲು ಬಿಚ್ಚಾಣಿಕೆ ಘಟಕಗಳ ಮಕ್ಕಳೂ ಅದರಲ್ಲಿದ್ದರು. ಸೀಮೆಯ ಹೆಸರು ಕೆಡಿಸಿದರು ಎಂದು ಆಗ ಕೋಪಗೊಂಡವರನ್ನು ನಾನು ಬಲ್ಲೆ. ನನಗೆ ಕೋಪ ಬರಲಿಲ್ಲ. ಮಾರ್ಕೆಟ್ಟಿನಲ್ಲಿ ಕೇಳಿದ ಮಾತೇ ಅಲ್ಲಿ ಬೇರೆ ಮಕ್ಕಳ ಬಾಯಲ್ಲಿತ್ತು.

ಈಗ ಬಹಳಷ್ಟು ಬದಲಾಗಿದೆ, ಒಳ್ಳೆಯದಕ್ಕೂ ಬದಲಾಗಿದೆ. ಚನ್ನಪಟ್ಟಣದ ಪಕ್ಕದ ಕಣ್ವ ಫಾರಂನ ಹೆಸರು ಹೊತ್ತ ಕಣ್ವ-2 ಹಿಪ್ಪುನೇರಳೆ ಕಡ್ಡಿಯ ಜಾಗಕ್ಕೆ ಇನ್ನೂ ಹೆಚ್ಚು ಸೊಪ್ಪು ಕೊಡುವ ವಿ-1 ಬಂದಿದೆ. ಎಳೆಯ ಹುಳವನ್ನು ಚಾಕಿ ಕೇಂದ್ರದವರೇ ಸಾಕಿ ಕೊಡುತ್ತಾರೆ. ಎಲೆ ಬಿಡಿಸಿ ಹೆಚ್ಚುವ ಬದಲು ಕೊಂಬೆಯನ್ನೇ ಹಾಸಿಬಿಡುವುದರಿಂದ ಹೆಂಗಸರಿಗೆ ರಾತ್ರಿಯ ನಿದ್ದೆ ಮರಳಿದೆ. ಬಿದಿರ ಚಂದ್ರಿಕೆಯ ಬದಲು ಪ್ಲಾಸ್ಟಿಕ್ ನೇತ್ರಿಕೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕೂಗಾಟದ ಹರಾಜು ಹೋಗಿ ಇ-ಹರಾಜು ಬಂದಿದೆ. ಸ್ವಯಂಚಾಲಿತ ಯಂತ್ರವಿರುವಲ್ಲಿ ಕುದಿಯುವ ನೀರಿಗೆ ಕೈ ಹಾಕುವ ಕೆಲಸ ತಗ್ಗಿದೆ. ಗೆಳತಿಯ ಮಕ್ಕಳ್ಯಾರೂ ಬೇಸಿನ್ನಿನ ಹತ್ತಿರ ಸುಳಿಯಲಿಲ್ಲ. ಅದು ಅವಳ ಹಟ.

ನಷ್ಟವೂ ಆಗಿದೆ. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಊರುಗಳನ್ನು ಪಕ್ಕಕ್ಕೆ ಬಿಟ್ಟು ಹೋದ ಮೇಲೆ ಚನ್ನಪಟ್ಟಣದ ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು. ಅತ್ತೆ ಕೈ ಇಳಿಬಿಟ್ಟಿದ್ದ ಅರ್ಕಾವತಿಯಲ್ಲಿ ಇಂದು ಕೈ ಅದ್ದಲು ನನಗೆ ಧೈರ್ಯವಿಲ್ಲ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲ ಕೆರೆಯಲ್ಲಿ ನೊರೆಯೆಬ್ಬಿಸಿ ಅದೇ ಅರ್ಕಾವತಿಗೆ ಬಂದು ಸೇರುತ್ತದೆ. ನಮ್ಮ ಬೀದಿಯ ಬೇಸಿನ್ನುಗಳ ನೀರೂ ಚರಂಡಿ ಹಿಡಿದು ಹೊಳೆಗೇ ಹೋಗುತ್ತಿತ್ತು. ಹೊಳೆಯನ್ನು ಕೆಡಿಸಿದ್ದು ರಾಜಧಾನಿಯೊಂದೇ ಎಂದು ನಾವು ಹೇಳುವಂತಿಲ್ಲ.

ಹಡಗಿನ ಪ್ರಯಾಣದ ನಡುವೆ ಒಂದು ದಿನ ಮಂಗಳೂರಿನ ಆ ಹುಡುಗನನ್ನು ಕೇಳಿದ್ದೆ, ನೀನು ಮಲಗುವುದು ಯಾವಾಗ ಎಂದು. ಅವರ ಕೆಲಸ ಮತ್ತು ವಿಶ್ರಾಂತಿಯ ಹೊತ್ತನ್ನು ಬರೆದು ಕೆಳಗಿನ ಅಂತಸ್ತಿನಲ್ಲಿ ಅಂಟಿಸಿರುತ್ತಾರಂತೆ. ಅಳಿಯ ಅದರ ಹಿನ್ನೆಲೆ ಹುಡುಕಿ ಓದಿ ಹೇಳಿದ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ರೂಪಿಸಿದ ಕಡಲ ಕಾರ್ಮಿಕರ ಒಪ್ಪಂದ 2013ರಲ್ಲಿ ಜಾರಿಗೆ ಬಂತು, ಭಾರತವೂ 2015ರಲ್ಲಿ ಅದನ್ನು ಒಪ್ಪಿದೆ. ಅದರ ಲೆಕ್ಕದಲ್ಲಿ ಹಡಗಿನ ಕೆಲಸಗಾರರಿಗೆ ಇಪ್ಪತ್ನಾಲ್ಕು ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಅದನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಂದು ತುಂಡಾದರೂ 6 ಗಂಟೆಯದಾಗಿರಬೇಕು. ಹಾಗೆಂದು ಆ ಹುಡುಗನದು ಸುಖದ ಕೆಲಸವೆನ್ನಲಾರೆ. ಮಗುವಿನ ಮುಖ ನೋಡದ ತಿಂಗಳುಗಳಿಗೆ ಯಾವ ಒಪ್ಪಂದವೂ ಬೆಲೆ ಕಟ್ಟಿಲ್ಲ. ಬೆಳಿಗ್ಗೆ ನಾವು ಇಳಿದರೆ ಮಧ್ಯಾಹ್ನಕ್ಕೆ ಹೊಸಬರು ಹತ್ತುತ್ತಾರೆ, ಅಷ್ಟರಲ್ಲಿ ಅವನು ಎಲ್ಲ ಕೋಣೆಗಳ ಹಾಸಿಗೆ ಬದಲಿಸಿರಬೇಕು. ಆದರೂ ಅವನ ನಿದ್ದೆಗೆ ಒಂದು ಅಂಕಿ ಇದೆ. ಅದು ಗೋಡೆಯ ಮೇಲಿದೆ. ಕಡಿಮೆಯಾದರೆ ಬೆರಳಿಟ್ಟು ತೋರಿಸಬಹುದು.

ಅತ್ತೆಗೂ ಗೆಳತಿಗೂ ಅಂಥದೊಂದು ಕಾಗದವಿರಲಿಲ್ಲ. ಅವರ ವಿಶ್ರಾಂತಿ ಮಾಲೀಕನ ಮನಸ್ಸಿನಲ್ಲಿತ್ತು, ಮುಂಗಡದ ಪುಸ್ತಕದಲ್ಲಿತ್ತು. ನಮ್ಮ ಜಿಲ್ಲೆಯ ತಾಲ್ಲೂಕುಗಳಲ್ಲಿ ಇಂದಿಗೂ ದಿನಗೂಲಿಗೆ ಸೊಪ್ಪು ಕಡಿಯುವವರು, ಎಳೆ ಹಿಡಿಯುವವರು, ಗೊಂಬೆಗೆ ಅರಗು ಹಚ್ಚುವವರು ಇದ್ದಾರೆ. ಕೂಲಿ ಎಷ್ಟು ಎಂದು ನಾವು ಕೇಳುತ್ತೇವೆ. ವಾರಕ್ಕೊಂದು ದಿನ ಕೂಲಿಸಹಿತ ರಜೆ ಉಂಟೇ, ಕೂರಲು ಕುರ್ಚಿ ಉಂಟೇ, ಕೈಗೆ ಹಚ್ಚಲು ಮುಲಾಮು ಉಂಟೇ ಎಂದು ಕೇಳುವುದಿಲ್ಲ. ವಿಶ್ರಾಂತಿ ದುಡಿಮೆ ಮುಗಿದ ಮೇಲೆ, ಮಕ್ಕಳು ನೆಲೆ ನಿಂತ ಮೇಲೆ, ಪಿಂಚಣಿ ಬಂದ ಮೇಲೆ ಸಿಗುವ ಬಹುಮಾನ ಎಂದು ನಾವೆಲ್ಲ ನಂಬಿಕೊಂಡು ಬಂದೆವು. ಅಷ್ಟು ದಿನ ಬದುಕದವರು ಅದನ್ನು ಕಾಣದೆಯೇ ಹೋದರು. ವಿಶ್ರಾಂತಿ ಕೂಲಿಯದೇ ಒಂದು ಪಾಲು. ಆಯಾ ವಾರ, ಆಯಾ ದಿನ ಅದು ಕೈಗೆ ಬರಬೇಕು.

ಸಿಡ್ನಿಯಲ್ಲಿ ಇಳಿದ ದಿನ ಮಗಳನ್ನು ಕೂರಿಸಿಕೊಂಡು ಗೆಳತಿಯ ಕತೆಯನ್ನೂ ಹೇಳಿದೆ. ಅತ್ತೆ ಅವಳ ಕಣ್ಣಲ್ಲಿ ಸಣ್ಣವಳಾಗುತ್ತಾಳೇನೋ ಎಂಬ ಅಳುಕಿತ್ತು. ಮಗಳು ಸುಮ್ಮನೆ ಕೇಳಿ, ‘ಆ ಅಜ್ಜಿ ಈಗ ಎಲ್ಲಿದ್ದಾರೆ?’ ಎಂದಳು. ಗೆಳತಿ ರಾಮನಗರದಲ್ಲೇ ಇದ್ದಾಳೆ. ಅವಳ ಮೊಮ್ಮಗಳು ಕನಕಪುರದಲ್ಲಿ ಡಿಗ್ರಿ ಓದುತ್ತಿದ್ದಾಳೆ, ಮುಂದೆ ಬಿ.ಇಡಿ. ಮಾಡಿ ಮೇಡಂ ಆಗಬೇಕೆಂದಿದ್ದಾಳೆ. ಆ ಓದಿನ ಖರ್ಚು ನಾವು ಹೊರುವುದೆಂದು ತಾಯಿ ಮಗಳು ಮಾತಾಡಿಕೊಂಡೆವು. ಗೆಳತಿ ಒಪ್ಪುತ್ತಾಳೋ ಇಲ್ಲವೋ, ಹಟದವಳು. ಒಪ್ಪಿದರೆ, ಅದನ್ನು ಸಹಾಯವೆಂದು ಯಾರ ಮುಂದೆಯೂ ಹೇಳಬಾರದು ಎಂದು ಮಗಳಿಗೆ ಕಟ್ಟಪ್ಪಣೆ ಮಾಡಿದ್ದೇನೆ. ನನ್ನ ಹೆಸರಿನಲ್ಲಿ ತೆಗೆದ ಮುಂಗಡವನ್ನು ಗೆಳತಿ ಕೈಸುಟ್ಟುಕೊಂಡು ತೀರಿಸಿದ್ದಾಳೆ. ಅದು ನಮ್ಮ ಮನೆಯ ಸಾಲ, ಅವಳಿಗೆ ಮರಳಿಸಬೇಕಾದದ್ದು.